ಕಡಿದ ಒಂದು ಗೆರೆ

ಮರಳಿ ಎಂಬ ಊರಿನ ಕಾಲುವೆಯಲ್ಲಿ ಒಂದು ಕಾಲಿಟ್ಟಿದ್ದ ಮುದುಕಿಯ ರಟ್ಟೆಯನ್ನು ಹೆಡ್ ಕಾನ್‌ಸ್ಟೇಬಲ್ ಉಮರಸಾಬ ಗಟ್ಟಿಯಾಗಿ ಹಿಡಿದರು. ಆಕೆಯ ಕೈಯಲ್ಲಿ ಬುತ್ತಿಯ ಡಬ್ಬಿ ಇತ್ತು.

"ಬಿಡೋ ಯಪ್ಪಾ, ಮಗ ಹೊಲದಾಗ ಹಸಕೊಂಡು ಕುಂತಾನ."

"ನಾ ಮುಟ್ಟಸ್ತೀನಿ ಬಾರವ್ವ. ನನಗೂ ಒಂದು ರೊಟ್ಟಿ ಉಳಸು."

"ನಿನಗ್ಯಾಕ? ಸರಕಾರ ಪಗಾರ ಕೊಡಂಗಿಲ್ಲೇನು?"

ಸಮಯ ಮಧ್ಯಾಹ್ನ 1.20. ಆಕೆ ಗಂಗಾವತಿಯ ವಿರೂಪಾಕ್ಷಮ್ಮ. ಹಿರಿಯ ಮಗ ಬಸವಕುಮಾರ ಅದೇ ಕಾಲುವೆಯಲ್ಲಿ ಮುಳುಗಿ ಸತ್ತು ಎರಡು ವರ್ಷವಾಗಿತ್ತು.

ನಾಲ್ಕು ಗಂಟೆಗೆ ಕಿರಿಯ ಮಗ ಗವಿಸಿದ್ದೇಶ ಠಾಣೆಗೆ ದೂರು ತಂದ. ಪಿಎಸ್‌ಐ ದ್ರಾಕ್ಷಾಯಿಣಿ ಓದಿ ಕೇಳಿದರು.

"ಯಂತ್ರದ ನೆನಪು ಕೆಡಿಸ್ಯಾರ ಅಂದ್ರ?"

"ಅವ್ವಗ ಮರವು ಐತ್ರಿ. ಮಾತಾಡೋ ಟ್ಯಾಬ್ ಇಟ್ಟೇವಿ. ಹೇಳಿದ್ದನ್ನ ಬಿಡಿಬಿಡಿ ಇಡಂಗಿಲ್ಲ, ಒಂದಕ್ಕೊಂದು ಗಂಟು ಹಾಕಿ ನೆನಪಿಡತೈತಿ. ಯಾರೋ ಗಂಟು ಬಿಚ್ಯಾರ."

ಎಫ್‌ಐಆರ್ ದಾಖಲಾಯಿತು. ಮರುದಿನ 10 ಗಂಟೆಗೆ ಮನೆಯಲ್ಲಿ ಪಂಚನಾಮೆ. ಟ್ಯಾಬಿನ ಪರದೆಯ ಮೇಲೆ ಹೆಸರುಗಳ ಚುಕ್ಕೆಗಳು, ನಡುವೆ ಗೆರೆಗಳು. ಬಸವಕುಮಾರನಿಂದ ಮರಳಿಯ ಹೊಲಕ್ಕೆ, ಹೊಲದಿಂದ ಮಧ್ಯಾಹ್ನದ ಬುತ್ತಿಗೆ ಗೆರೆಗಳಿದ್ದವು. ಸಾವಿನ ಚುಕ್ಕೆ ಮಾತ್ರ ಒಂಟಿ. ಬಸವಕುಮಾರನಿಂದ ಅದಕ್ಕಿದ್ದ ಗೆರೆ ಅಳಿಸಿದ್ದು ಹಿಂದಿನ ದಿನ ಬೆಳಿಗ್ಗೆ 6.10ಕ್ಕೆ, ಬಸವಕುಮಾರನ ಹೆಂಡತಿ ಮಲ್ಲೇಶ್ವರಿಯ ಫೋನಿನಿಂದ. 6.40ಕ್ಕೆ ಮುದುಕಿ ಬಸವಕುಮಾರ ಎಲ್ಲಿ ಎಂದು ಟ್ಯಾಬನ್ನು ಕೇಳಿದ್ದಳು. ಟ್ಯಾಬ್ ಉಳಿದ ಗೆರೆಗಳನ್ನು ಹಿಡಿದು ಉತ್ತರಿಸಿತ್ತು: ಹೊಲದಲ್ಲಿದ್ದಾರೆ, ಬುತ್ತಿಗೆ ಕಾಯುತ್ತಾರೆ.

ಮಲ್ಲೇಶ್ವರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಳಿಸಿದ್ದು ನೀನಾ?" ದ್ರಾಕ್ಷಾಯಿಣಿ ಕೇಳಿದರು.

"ಹೌದ್ರಿ."

"ಯಾಕ?"

"ದಿನಾ ಮುಂಜಾನಿ ಅತ್ತಿ ಕೇಳೋರು, ಬಸು ಎಲ್ಲಿ ಅಂತ. ಆ ಟ್ಯಾಬು, ಸತ್ತಾನ ಅನ್ನೋದು. ಅವರು ಹೊಸದಾಗಿ ಎದಿ ಬಡಕೊಳ್ಳೋರು. ನಾನೂ ಒಲಿ ಮುಂದ ಆ ಸುದ್ದಿ ಹೊಸದಾಗಿ ಕೇಳತಿದ್ದೆ. ನಿನ್ನೆ ಮನಿ ಸುಮ್ಮನಿತ್ರಿ. ಎರಡು ವರ್ಷದ ಮ್ಯಾಲ ನನಗ ಹಗಲ ಕಣ್ಣು ಹತ್ತಿತು. ಎದ್ದಾಗ ಅತ್ತಿ ಇರಲಿಲ್ಲ."

"ಹೊಲ, ಬುತ್ತಿಯ ಗೆರಿ ಯಾಕ ಅಳಿಸದ ಬಿಟ್ಟಿ?"

"ಕೈ ಬರಲಿಲ್ರಿ. ಆ ಬುತ್ತಿ ಕಟ್ಟತಿದ್ದಾಕಿ ನಾನ."

11.40ಕ್ಕೆ ಠಾಣೆಯಲ್ಲಿ ಮಲ್ಲೇಶ್ವರಿಯ ಬಂಧನ ನಮೂದಾಯಿತು. ಹೊರಗಿನವರಾರೋ ಮಾಡಿದ್ದೆಂದು ದೂರು ಕೊಟ್ಟಿದ್ದ ಗವಿಸಿದ್ದೇಶನೇ ಜಾಮೀನಿಗೆ ಬಂದ. ತಲೆ ಎತ್ತಲಿಲ್ಲ.

"ತಪ್ಪಾತು ಅತ್ತಿಗಿ. ಸಹಿ ಮಾಡ್ರಿ, ಮನಿಗೆ ಹೋಗೂಣು. ಸಂಜಿಗೆ ಟ್ಯಾಬಿನವರು ಆ ಗೆರಿ ಜೋಡಸ್ತಾರಂತ. ಎಲ್ಲಾ ಮೊದಲಿನಂಗ ಆಗತೈತಿ."

ದ್ರಾಕ್ಷಾಯಿಣಿ ಪೆನ್ನನ್ನು ಆಕೆಯತ್ತ ಸರಿಸಿದರು. ಮಲ್ಲೇಶ್ವರಿ ಅದನ್ನು ವಾಪಸು ಸರಿಸಿದಳು.

"ಮೊದಲಿನಂಗ ಬ್ಯಾಡ," ಎಂದಳು. "ನಾ ಬರಂಗಿಲ್ಲ."