ಇಳಿಯುವವಳ ಸಬ್‌ಟೈಟಲ್

ಗಾರ್ಗಿ ಸ್ಪೇಸ್ ಬಾರ್ ಒತ್ತಿದಳು. ಪರದೆಯ ಮೇಲೆ ಹಡಗು ನಿಂತಿತು. ಡೆಕ್ಕಿನ ಕಂಬಿ ಹಿಡಿದಿದ್ದ ಹೆಂಗಸಿನ ಬಾಯಿ ಅರ್ಧ ತೆರೆದೇ ಉಳಿಯಿತು.

"ಇವಳು ಸೂಟ್‌ಕೇಸ್ ಎತ್ಕೊಂಡು ಇಳೀತಿದಾಳೆ. ನೀನು ಕೆಳಗೆ 'ನಿನ್ನ ಜೊತೆ ಇರ್ತೀನಿ' ಅಂತ ಬರ್ದಿದೀಯ, ಸುಘೋಷ್."

ಸುಘೋಷ್ ಕಾಫಿ ಲೋಟದೊಳಗೆ ನೋಡಿದ. ಶನಿವಾರ ಕನ್ನಡ ಕೂಟದವರಿಗೆ ಈ ಹಳೆಯ ಜರ್ಮನ್ ಟಾಕಿ ತೋರಿಸಬೇಕಿತ್ತು. ಜರ್ಮನ್ ಬಲ್ಲ ಅವನು ಸಬ್‌ಟೈಟಲ್ ಬರೆಯುತ್ತಿದ್ದ. ಎಮರಿವಿಲ್‌ನ ಸ್ಟುಡಿಯೋದಲ್ಲಿ ಎಡಿಟರ್ ಆಗಿದ್ದ ಅವಳು ಅದನ್ನು ತುಟಿಗೆ ಹೊಂದಿಸುತ್ತಿದ್ದಳು. ಸ್ಯಾನ್ ಮಟಿಯೋದ ಅವಳ ಅಪಾರ್ಟ್‌ಮೆಂಟಿನಲ್ಲಿ ಇದು ಏಳನೆಯ ಭಾನುವಾರ.

"ಅದು ಇಂಗ್ಲಿಷ್ ವರ್ಷನ್ನಿನ ಸ್ಕ್ರಿಪ್ಟು," ಎಂದ. "ಆಗ ಡಬ್ಬಿಂಗ್ ಕಷ್ಟ ಇತ್ತಲ್ಲ. ಒಂದೇ ಸೆಟ್ಟಲ್ಲಿ ಎರಡು ಸಲ ಶೂಟಿಂಗು. ಬೆಳಿಗ್ಗೆ ಜರ್ಮನ್ ನಟರು, ಮಧ್ಯಾಹ್ನ ಇಂಗ್ಲಿಷ್‌ನವರು. ಇಂಗ್ಲಿಷ್‌ನಲ್ಲಿ ಅವಳು ಹಡಗಲ್ಲೇ ಉಳೀತಾಳೆ."

"ಅಂದ್ರೆ ಮಿಸ್ಟೇಕು."

"ಬೇಕಂತಲೇ ಹಾಕಿದ್ದು."

ಅವಳು ನಕ್ಕಳು. ನಗುವಾಗ ಅವಳ ಎಡಗಣ್ಣು ತುಸು ಹೆಚ್ಚು ಮುಚ್ಚುತ್ತದೆ. ಎರಡನೆಯ ಭಾನುವಾರವೇ ಅವನು ಅದನ್ನು ಗಮನಿಸಿದ್ದ.

"ಕೂಟದ ಆಂಟಿಯರು ಅಳ್ಬಾರ್ದು ಅಂತಾನಾ?"

"ನಾನು ಅಳ್ಬಾರ್ದು ಅಂತ."

ಅವಳು ಆ ಸಾಲನ್ನು ಅಳಿಸಿದಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

"ಹ್ಯಾಂಬರ್ಗ್ ಕೆಲಸ ಸಿಕ್ತು," ಎಂದ ಸುಘೋಷ್. "ಮುಂದಿನ ತಿಂಗಳು ಜರ್ಮನಿಗೆ ಹೋಗ್ಬೇಕು."

"ಗೊತ್ತಾಯ್ತು. ಬಂದಾಗಿಂದ ಸಕ್ಕರೆ ಇಲ್ಲದ ಕಾಫಿ ಕುಡೀತಿದೀಯ, ಸಕ್ಕರೆ ಬೇಕು ಅಂತ ಕೇಳ್ಲೇ ಇಲ್ಲ."

"ನೀನೂ ಬಾ, ಗಾರ್ಗಿ. ಮದ್ವೆ ಆಗೋಣ. ಡಿಪೆಂಡೆಂಟ್ ವೀಸಾ ಸಿಗತ್ತೆ. ಅಲ್ಲಿ ಅದ್ರಲ್ಲೂ ಕೆಲಸ ಮಾಡ್ಬಹುದು, ಎಲ್ಲಾ ಓದಿದೀನಿ."

ಗಾರ್ಗಿ ಡಿಪೆಂಡೆಂಟ್ ವೀಸಾದಲ್ಲೇ ಈ ದೇಶಕ್ಕೆ ಬಂದವಳು. ಕ್ಯಾಂಪ್‌ಬೆಲ್‌ನಲ್ಲಿ ನಾಲ್ಕು ವರ್ಷ ಗಂಡನ ಆಫೀಸಿನ ಸುದ್ದಿಗೆ ಕಿವಿಗೊಟ್ಟು ಕೂತಿದ್ದಳು. ಅವನ ಕೆಲಸ ಹೋದರೆ ಅವಳೂ ದೇಶ ಬಿಟ್ಟು ಹೊರಡಬೇಕಿತ್ತು. ಡೈವೋರ್ಸಿನ ಹೊತ್ತಿಗೆ ಅವಳದೇ ಹೆಸರಿನ ವೀಸಾ ಬಂತು. ಅದರ ಮಂಜೂರಾತಿ ಪತ್ರಕ್ಕೆ ಫ್ರೇಮು ಹಾಕಿಸಿದ್ದಳು. ಈಗ ಅದು ಸುಘೋಷನ ತಲೆಯ ಹಿಂದೆ, ಗೋಡೆಯ ಮೇಲಿತ್ತು.

"ನೀನಂದ್ರೆ ಇಷ್ಟ ಇಲ್ಲ ಅನ್ಕೋಬೇಡ," ಎಂದಳು. "ಏಳು ವಾರದಿಂದ ಭಾನುವಾರ ತಪ್ಪದೆ ತಲೆಸ್ನಾನ ಮಾಡ್ತಿದೀನಿ."

"ಮತ್ತೆ?"

ಅವಳು ಸ್ಪೇಸ್ ಬಾರ್ ಒತ್ತಿದಳು. ಹೆಂಗಸು ಏಣಿ ಇಳಿದಳು. ಬಂದರಿನ ಜನ ಅವಳನ್ನು ನುಂಗಿಕೊಂಡರು.

"ಫಾರ್ಮೆಲ್ಲಾ ನಾನೇ ತುಂಬ್ತೀನಿ," ಎಂದ ಸುಘೋಷ್. "ನೀನು ಒಂದ್ ಸೈನ್ ಮಾಡಿದ್ರೆ ಸಾಕು."

"ಮಾಡಲ್ಲ."