ಲಾಳಿಯ ಕಣ್ಣು

ರಾತ್ರಿ ಎಂಟೂವರೆಗೆ ಬನಹಟ್ಟಿಯ ಶೇವಂತಿಯ ಮನೆಯ ಬಾಗಿಲು ಬಡಿದವರು ಸಿಪಿಐ ಶ್ರೀದೇವಿ. ಕಾರಣ ಹೇಳಲಿಲ್ಲ.

"ಮುಂಜಾನಿ ಅಡಗಿ ಉಳದೈತೇನು?"

"ರೊಟ್ಟಿ, ಪುಂಡಿಪಲ್ಲೆ ಅದಾವ್ರಿ. ಯಾಕ್ರೀ ಮೇಡಂ?"

ಪಂಚರ ಎದುರು ಎರಡಕ್ಕೂ ಮೊಹರು ಬಿತ್ತು.

ಅಂದು, ಜೂನ್ ಹನ್ನೊಂದರ ಬೆಳಿಗ್ಗೆ, ಶೇವಂತಿಯ ಗಂಡ ಮಾಂತೇಶ ಬುತ್ತಿ ಉಂಡು ಮಗ್ಗಕ್ಕೆ ಮರಳಿದವನು ಕಾಲು ತಾಸಿನಲ್ಲಿ ಕುಸಿದು ಸತ್ತಿದ್ದ. ಅದೇ ಮಗ್ಗದಲ್ಲಿ ರಾತ್ರಿ ಪಾಳಿ ನೇಯುವ ಅವನ ಅಣ್ಣ ಪರಸಪ್ಪ ದೂರು ಕೊಟ್ಟಿದ್ದ. ಕೊಲೆ ಪ್ರಕರಣದ ಎಫ್‌ಐಆರ್ ದಾಖಲಾಗಿತ್ತು.

"ಆಕಿ ಬುತ್ತ್ಯಾಗ ವಿಷ ಇತ್ರಿ. ಒಳಗ ಹಾಕ್ರಿ ಆಕಿನ್ನ!"

"ವರದಿ ಬರಲಿ," ಎಂದರು ಶ್ರೀದೇವಿ.

ಓಣಿ ಕಾಯಲಿಲ್ಲ. ಶೇವಂತಿ ಕೊಟ್ಟ ನೀರನ್ನೂ ಯಾರೂ ಮುಟ್ಟಲಿಲ್ಲ.

ಜುಲೈ ಮೂರರಂದು ಬೆಳಗಾವಿಯ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ರಕ್ತದಲ್ಲಿ ಕೀಟನಾಶಕ, ಶವದ ತುಟಿ ಒರೆಸಿದ ಹತ್ತಿಯಲ್ಲೂ ಅದೇ. ಬುತ್ತಿಯಲ್ಲಿ, ಪಲ್ಲೆಯಲ್ಲಿ ಏನೂ ಇರಲಿಲ್ಲ.

"ಊಟದಾಗ ಇಲ್ಲದ ವಿಷ ತುಟಿಗೆ ಹೆಂಗ ಹತ್ತಿತು?" ಎಂದರು ಶ್ರೀದೇವಿ.

ನೇಕಾರರ ಮನೆಯ ಕಾನ್‌ಸ್ಟೆಬಲ್ ಯಲ್ಲಾಲಿಂಗ ಮೆಲ್ಲಗೆ ಹೇಳಿದ: "ಲಾಳ್ಯಾಗಿನ ನೂಲಿನ ಕಂಡಿಕಿ ಬದಲಿಸಿದಾಗೊಮ್ಮೆ ಅದರ ಕಣ್ಣಿಗೆ, ಅಂದ್ರ ತೂತಿಗೆ, ಬಾಯಿ ಹಚ್ಚಿ ಎಳಿ ಜಗ್ತೇವ್ರಿ. ನಮ್ಮಪ್ಪನ ಹಲ್ಲ ಹಂಗ ಸವದಾವು."

ಸ್ಥಳ ಪಂಚನಾಮೆಯ ದಿನವೇ ಮೊಹರು ಹಾಕಿದ್ದ ಲಾಳಿ ಪ್ರಯೋಗಾಲಯಕ್ಕೆ ಹೋಯಿತು. ಅದರ ಕಣ್ಣಿನಲ್ಲಿ ಅದೇ ವಿಷ ಸಿಕ್ಕಿತು. ಈ ವರದಿಯನ್ನು ಶ್ರೀದೇವಿ ಯಾರಿಗೂ ತಿಳಿಸಲಿಲ್ಲ.

ಜುಲೈ ಹದಿನಾಲ್ಕು, ಸಂಜೆ ನಾಲ್ಕು. ಮಾಂತೇಶ ದುಡಿಯುತ್ತಿದ್ದ ಮಗ್ಗದ ಶೆಡ್ಡಿನ ಐವರು ನೇಕಾರರ ಮುಂದೆ ಹೊಸ ಲಾಳಿಗಳನ್ನಿಟ್ಟು ಶ್ರೀದೇವಿ ಸುಳ್ಳು ಹೇಳಿದರು: "ಇವು ಮಾಂತೇಶನ ಮಗ್ಗದ್ವು. ಎಳಿ ಹಾಕಿ ತೋರಸ್ರಿ."

"ಹೇಂತಿಗಿಂತ ಇದಕ್ಕ ಮುತ್ತು ಜಾಸ್ತಿ ಕೊಟ್ಟೇನ್ರಿ," ಎಂದು ಒಬ್ಬ ನಗಿಸಿದ. ನಾಲ್ವರು ಯೋಚಿಸದೆ ಲಾಳಿಯನ್ನು ಬಾಯಿಗೆ ಒಯ್ದರು. ಐದನೆಯವನು ತಂತಿಯ ಕೊಕ್ಕೆ ಹುಡುಕತೊಡಗಿದ.

"ಬಾಯಿಂದ ಯಾಕ ಜಗ್ಗಲಿಲ್ಲ?"

ಅವನ ಕೈಯಿಂದ ಲಾಳಿ ಬಿತ್ತು.

ಅವನೇ ತೋರಿಸಿದ ಹಿತ್ತಲಿನಲ್ಲಿ, ಮಾಂತೇಶ ಉಣ್ಣಲು ಕೂತಾಗ ಲಾಳಿಯ ಕಣ್ಣಿಗೆ ಹಚ್ಚಿದ್ದ ಕೀಟನಾಶಕದ ಶೀಶೆ ಸಿಕ್ಕಿತು. ಎರಡು ವರ್ಷ ಕೂತು ಈ ಐದನೆಯವನು ಕಟ್ಟಿದ ಸೀರೆಯ ದಡಿಗೆ, ಅಂಚಿನ ಹೊಸ ವಿನ್ಯಾಸಕ್ಕೆ, ಮಾಲೀಕರು 'ಮಾಂತೇಶ ದಡಿ' ಎಂದು ಹೆಸರಿಟ್ಟಿದ್ದರು. "ಮಂದ್ಯಾಗ ಅಂವಾ ಒಮ್ಮೆರ 'ಈ ದಡಿ ನಂದಲ್ಲ' ಅನಬೇಕಿತ್ರಿ," ಎಂದಷ್ಟೇ ಅವನ ಹೇಳಿಕೆಯಲ್ಲಿತ್ತು.

ಶ್ರೀದೇವಿ ಮತ್ತೆ ಶೇವಂತಿಯ ಮನೆಗೆ ಹೋದರು. ನೀರು ಕೇಳಿ, ಓಣಿಯವರೆಲ್ಲ ನೋಡುವಂತೆ ಕಟ್ಟೆಯ ಮೇಲೆ ನಿಂತು ಕುಡಿದರು.

"ಯಾರ್ರೀ ಮೇಡಂ?"

"ಪರಸಪ್ಪ."