ರಾಣಿಯನ್ನು ಬದುಕಿಸಿದವಳು

"ರಾಣಿ ಸತ್ತಳು ರೀ. ನೀವ್ಯಾಕೆ ಬದುಕಿಸಿದ್ರಿ?"

ಚಪ್ಪಾಳೆಯ ಸದ್ದಿನ ನಡುವೆ ಮುಂದಿನ ಸಾಲಿನಿಂದ ತಿರುಗಿ ಮೆಲ್ಲಗೆ ಹೀಗೆ ಕೇಳಿದವನನ್ನು ಪುಟ್ಟಿ ದುರುಗುಟ್ಟಿ ನೋಡಿದಳು. ಅಂಗಿಯ ತುಂಬ ಮರದ ಹೊಟ್ಟು, ಕಿವಿಯ ಮೇಲೊಂದು ಪೆನ್ಸಿಲ್. ರಂಗದ ಮೇಲಿನ ಅರಮನೆಯ ಮೆಟ್ಟಿಲು ಮಾಡಿದ ಬಡಗಿ ಅವನೇ.

ಅವನು ಹೇಳಿದ್ದು ಸುಳ್ಳಲ್ಲ. ಉದ್ಯಾನದ ಬಯಲು ರಂಗಮಂದಿರದಲ್ಲಿ ಬೇಸಿಗೆಯ ನಾಟಕೋತ್ಸವ. ಏಳು ಸಂಜೆ ಹಳೆಯ ನಾಟಕಗಳು. ದೃಷ್ಟಿ ಕಳೆದುಕೊಂಡ ಅಪ್ಪನ ಪಕ್ಕ ಕೂತು, ಮಾತಿಲ್ಲದ ಕಡೆಯೆಲ್ಲ ರಂಗದ ಮೇಲೆ ನಡೆಯುವುದನ್ನು ಪಿಸುಗುಟ್ಟುವುದು ಪುಟ್ಟಿಯ ಕೆಲಸ. ಮೊದಲ ಸಂಜೆಯ ನಾಟಕದ ಕೊನೆಯ ದೃಶ್ಯದಲ್ಲಿ ರಾಣಿ ವಿಷ ಕುಡಿದು, ತುಟಿಪಿಟಕ್ಕೆನ್ನದೆ ಮೆಟ್ಟಿಲ ಮೇಲೆ ಒರಗಿದ್ದಳು. ನಮ್ಮ ಪುಟ್ಟಿ ಮಾತ್ರ, "ಬಟ್ಟಲು ಬಿಸಾಕಿದಳಪ್ಪ... ರಾಜನ ಕೈ ಹಿಡಿದಳು" ಎಂದುಬಿಟ್ಟಿದ್ದಳು!

ಅಮ್ಮ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಪ್ಪನಿಗೆ ಇನ್ನೊಂದು ಸಾವು ಯಾಕೆ?

ಅಷ್ಟನ್ನು ಬಡಗಿಗೆ ಹೇಳಬಹುದಿತ್ತು. ಆದರೆ ಇವಳಿಗೆ ಕೋಪ ಮೂಗಿನ ತುದಿಯಲ್ಲೇ.

"ನಿಮ್ಮ ಮೊಳೆ, ಸುತ್ತಿಗೆ ನೋಡ್ಕೊಳ್ಳಿ."

ಅವನು ನಕ್ಕ. ಮರುದಿನವೂ ಅಲ್ಲೇ ಕೂತ. ಮೂರನೇ ಸಂಜೆ, ಅಪ್ಪನಿಗೆ ಬೆನ್ನು ನೋಯಬಾರದೆಂದು ಕಲ್ಲಿನ ಆಸನಕ್ಕೆ ಒರಗು ಹಲಗೆ ಹೊಂದಿಸಿಕೊಟ್ಟ. ಹಗಲು ತಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಗಾಜು ಒರೆಸುತ್ತಿದ್ದ ಪುಟ್ಟಿ, ಸಂಜೆ ಯಾವಾಗ ಆಗುತ್ತೋ ಎಂದು ಗಡಿಯಾರ ನೋಡತೊಡಗಿದಳು. ಬರೀ ನಾಟಕಕ್ಕಾಗಿ ಎಂದು ತನಗೇ ಹೇಳಿಕೊಂಡಳು, ಪಾಪ.

ಐದನೇ ಸಂಜೆ ರಂಗದ ಮೇಲೆ ಸತ್ತ ಸೈನಿಕನನ್ನೂ ಅವಳು ಬದುಕಿಸಿದಳು. ಆಮೇಲೆ ಅವಳು ನೀರು ತರಲು ಹೋದಾಗ ಬಡಗಿ ಹಿಂದೆಯೇ ಬಂದು ಮೆಲ್ಲಗೆ ಕೇಳಿದ.

"ಬೇಜಾರು ಮಾಡ್ಕೋಬೇಡಿ. ಇದನ್ನೆಲ್ಲ ಬದಲಾಯಿಸೋದು ಅವರಿಗೋಸ್ಕರಾನಾ, ನಿಮಗೋಸ್ಕರಾನಾ?"

ಮಾತು ಎದೆಗೆ ನಾಟಿತು.

"ನಾಳೆಯಿಂದ ನಮ್ಮ ಹತ್ರ ಕೂರಬೇಡಿ."

ಅವನು ಕೂರಲಿಲ್ಲ. ಆರನೇ ಸಂಜೆ ಮುಂದಿನ ಜಾಗ ಖಾಲಿ. ಪುಟ್ಟಿಗೆ ನಾಟಕವೇ ರುಚಿಸಲಿಲ್ಲ.

"ಮರದ ವಾಸನೆ ಇಲ್ಲ. ಬಡಗೀನ ಓಡಿಸಿದೆ ತಾನೇ?" ಎಂದ ಅಪ್ಪ.

ಪುಟ್ಟಿ ನಡೆದದ್ದೆಲ್ಲ ಹೇಳಿದಳು.

"ಆ ರಾಣಿ ನಾಟಕಾನ ನಿಮ್ಮಮ್ಮನ ಜೊತೆ ನಾಲ್ಕು ಸಲ ನೋಡಿದ್ದೀನಿ ಪುಟ್ಟಿ. ಅವಳು ಸಾಯ್ತಾಳೆ ಅಂತ ಗೊತ್ತಿಲ್ವಾ ನಂಗೆ?"

"ಮತ್ತೆ... ಯಾಕೆ ಸುಮ್ನಿದ್ದೆ ಅಪ್ಪ?"

"ಅಮ್ಮ ಹೋದಾಗಿಂದ ನೀನು ಒಂದು ಸಲಾನೂ ಅತ್ತಿಲ್ಲ. ನಿಂಗೆ ತಡ್ಕೊಳ್ಳೋಕಾಗಲ್ಲ ಅಂತ ಸುಮ್ನಿದ್ದೆ."

ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಅಪ್ಪ ಮಗಳು ಇಷ್ಟು ದಿನ ಅಮ್ಮನ ಮಾತೇ ಎತ್ತಿರಲಿಲ್ಲ.

ಏಳನೇ ಸಂಜೆ, ಜನ ಕೇಳಿಕೊಂಡರೆಂದು ಮತ್ತೆ ರಾಣಿಯ ನಾಟಕವೇ. ಪುಟ್ಟಿ ರಂಗದ ಹಿಂದೆ ಹೋದಳು. ಬಡಗಿ ಮೆಟ್ಟಿಲಿಗೆ ಮೊಳೆ ಹೊಡೆಯುತ್ತಿದ್ದ.

"ಆವತ್ತು ನೀವು ಕೇಳಿದ್ದು ಸರಿ. ನನಗೋಸ್ಕರಾನೇ." ಎಂದಳು ಪುಟ್ಟಿ. "ಇವತ್ತು ಇದ್ದಿದ್ದು ಇದ್ದ ಹಾಗೆ ಹೇಳ್ಬೇಕು. ಒಬ್ಬಳ ಕೈಲಾಗಲ್ಲ. ನನ್ನ ಪಕ್ಕ ಕೂತ್ಕೋತೀರಾ?"

ಅವನು ಸುತ್ತಿಗೆ ಕೆಳಗಿಟ್ಟ.

ಕೊನೆಯ ದೃಶ್ಯ ಬಂತು. "ಕುಡಿದಳಪ್ಪ... ಒರಗಿದಳು. ರಾಜ ಭುಜ ಅಲ್ಲಾಡಿಸ್ತಿದ್ದಾನೆ. ಏಳ್ತಿಲ್ಲ... ಇನ್ನು ಏಳಲ್ಲ ಅಪ್ಪ."

ಅಷ್ಟು ದಿನ ತಡೆದಿಟ್ಟ ಅಳುವಿನ ಕಟ್ಟೆ ಒಡೆಯಿತು. ಅಪ್ಪ ಅವಳ ತಲೆ ನೇವರಿಸುತ್ತ ತಾನೂ ಅತ್ತ. ಬಡಗಿ ಅವಳ ಕೈ ಹಿಡಿದುಕೊಂಡ.

ಜನ ಎದ್ದು ಹೊರಟರು.

"ಈಗ ಏನಾಗ್ತಿದೆ ಪುಟ್ಟಿ?" ಅಪ್ಪ ಕೇಳಿದ.

"ರಂಗ ಖಾಲಿ ಆಯ್ತಪ್ಪ."

"ಬಡಗಿ?"

"ಹೋಗಿಲ್ಲ... ನನ್ನ ಕೈ ಹಿಡ್ಕೊಂಡು ಕೂತಿದ್ದಾರೆ."

"ಇದು ನಿಜಾನಾ, ನಿನ್ನ ಕಥೇನಾ?"

"ನಿಜ ಅಪ್ಪ."

"ಇದೊಂದನ್ನ ಬದಲಾಯಿಸ್ಬೇಡಿ," ಬಡಗಿ ಮೆಲ್ಲಗೆ ಹೇಳಿದ.

"ಇಲ್ಲ," ಎಂದಳು ಪುಟ್ಟಿ. ಕೈ ಬಿಡಿಸಿಕೊಳ್ಳಲಿಲ್ಲ.